ಪರೀಕ್ಷಿಸುವವರನ್ನು ಪರೀಕ್ಷಿಸುವವರು ಯಾರು?

ಶುಕ್ರವಾರ ಜುಮಾ ನಮಾಜು ಮುಗಿಸಿ ಹೊರಬರುವಾಗ ಮಸೀದಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ನಿಂತವರನ್ನು ನೀವೂ ನೋಡಿರುತ್ತೀರಿ. ಮೊದಲೆಲ್ಲ ಹಾಗೆ ನಿಲ್ಲುತ್ತಿದ್ದವರು ಮಗಳ ಮದುವೆಗೆಂದು ಕೇಳುತ್ತಿದ್ದರು. ಈಗ ಫೈಲಿನೊಳಗೆ ಆಸ್ಪತ್ರೆಯ ಬಿಲ್ಲಿರುತ್ತದೆ. ಆ ಬಿಲ್ಲಿನಲ್ಲಿ ಎದ್ದು ಕಾಣುವುದು ಮೂರೇ ಅಕ್ಷರ: ಐಸಿಯು. ನಾವು ಹತ್ತೋ ನೂರೋ ಕೊಟ್ಟು, ಸವಾಬು ಸಿಕ್ಕಿತೆಂದು ಮನೆಗೆ ಹೋಗಿ ಊಟಕ್ಕೆ ಕೂರುತ್ತೇವೆ. ಆ ಮೂರಕ್ಷರದ ಒಳಗೆ ಏನು ನಡೆಯಿತು, ಯಾರು ನಡೆಸಿದರು, ಅದನ್ನು ನಡೆಸುವ ಯೋಗ್ಯತೆ ಅವರಿಗಿದೆ ಎಂದು ಹೇಳಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ, ನನ್ನ ಮನೆಯವರೇ ಆ ಬಾಗಿಲ ಹೊರಗೆ ಕೂರುವವರೆಗೆ.

ಕೆಲವು ವರ್ಷಗಳ ಹಿಂದೆ ಭದ್ರಾವತಿಯಲ್ಲಿದ್ದ ನನ್ನ ಖಾಲೂ, ಅಂದರೆ ಚಿಕ್ಕಮ್ಮನ ಗಂಡ, ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಜೀವ. ಒಂದು ರಾತ್ರಿ ಉಸಿರು ಸಿಕ್ಕಿಕೊಂಡಾಗ ಮಾಚೇನಹಳ್ಳಿ, ಮಲವಗೊಪ್ಪ ದಾಟಿಸಿ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ತಂದೆವು. ಐದು ರಾತ್ರಿ ಐಸಿಯುನಲ್ಲಿದ್ದರು. ಬೆಳಿಗ್ಗೆ ಒಬ್ಬ ಡಾಕ್ಟರು ಬಂದು ಐದು ನಿಮಿಷ ಮಾತಾಡುತ್ತಿದ್ದರು, ಸಂಜೆ ಇನ್ನೊಬ್ಬರು. ಬೆಳಿಗ್ಗೆಯವರು ಹೇಳಿದ್ದನ್ನು ಸಂಜೆಯವರು ಹೇಳುತ್ತಿರಲಿಲ್ಲ. ರಾತ್ರಿ ಹೊತ್ತು ಒಬ್ಬ ಎಳೆಯ ಹುಡುಗ ಇಂಗ್ಲಿಷಿನ ಕಾಗದ ತಂದು ಸಹಿ ಹಾಕಿಸಿಕೊಳ್ಳುತ್ತಿದ್ದ. ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದವನು, ಎರಡು ಭಾಷೆಯಲ್ಲಿ ಕಥೆ ಓದಿ ಒಂದರಲ್ಲಿ ಬರೆಯುವವನು. ಆ ಕಾಗದ ಮಾತ್ರ ನನ್ನ ಎರಡೂ ಭಾಷೆಯಲ್ಲಿರಲಿಲ್ಲ. ಆದರೂ ಸಹಿ ಹಾಕಿದೆ.

ಮೂರನೆಯ ರಾತ್ರಿ ಖಾಲಾ ನನ್ನನ್ನು ಕೇಳಿದರು: "ಬೇಟಾ, ಯಾಂ ಶಿಫ್ಟ್ ಇನ್‌ಚಾರ್ಜ್ ಕೌನ್ ಹೈ?" ಇಲ್ಲಿ ಶಿಫ್ಟ್ ಇನ್‌ಚಾರ್ಜ್ ಯಾರು?

ಕಾರ್ಖಾನೆಯ ಮನೆಯ ಹೆಂಗಸು. ಕುಲುಮೆ ಹಗಲು ರಾತ್ರಿ ಉರಿಯುತ್ತದೆ, ಅದರ ಮುಂದೆ ಯಾವ ಹೊತ್ತಿನಲ್ಲಿ ಯಾರು ಹೊಣೆ ಎಂಬುದು ಕೂಲಿಯವನಿಗೂ ಗೊತ್ತಿರಬೇಕು ಎಂಬ ಲೋಕದಲ್ಲಿ ನಲವತ್ತು ವರ್ಷ ಬಾಳಿದವರು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನರ್ಸಮ್ಮನನ್ನು ಕೇಳಿದರೆ "ಟೀಮ್ ನೋಡ್ತಾರೆ" ಅಂದರು. ಆರನೆಯ ದಿನ ಫಜರ್ ಹೊತ್ತಿಗೆ ಖಾಲೂ ತೀರಿಕೊಂಡರು. ಅವರನ್ನು ಯಾರೋ ಕೊಂದರು ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತು ದಾಟಿದ ಜೀವ, ಶ್ವಾಸಕೋಶ ಸೋತಿತ್ತು. ಎಲ್ಲ ಸರಿಯಾಗಿ ನಡೆದಿದ್ದರೂ ಹೋಗುತ್ತಿದ್ದರೇನೋ. ಆದರೆ ಎಲ್ಲ ಸರಿಯಾಗಿ ನಡೆಯಿತೇ ಎಂದು ತಿಳಿಯಲು ನಮಗೆ ಯಾವ ದಾರಿಯೂ ಇರಲಿಲ್ಲ. ನನ್ನ ತಕರಾರು ಇದರ ಮೇಲೆ.

ಕಟ್ಟಡವಿಲ್ಲದ ಕಾಲೇಜು

ಆಮೇಲೆ ನಾನು ಈ ಐಸಿಯು ವೈದ್ಯರು ಹೇಗೆ ತಯಾರಾಗುತ್ತಾರೆ ಎಂದು ಹುಡುಕುತ್ತ ಹೋದೆ. ಹೋದಾಗ ಎದುರಾದದ್ದು 'ಕಾಲೇಜು' ಎಂಬ ಮಾತು. ನಮ್ಮ ಮಟ್ಟಿಗೆ ಕಾಲೇಜು ಎಂದರೆ ಕಟ್ಟಡ, ಗಂಟೆ, ಹಾಜರಿ. ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು ಇದೆ, 2007ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಶುರುಮಾಡಿದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅದಕ್ಕೆ ಮೆಗ್ಗಾನ್ ಆಸ್ಪತ್ರೆಯಿದೆ. ಆದರೆ ವೈದ್ಯರ ಲೋಕದಲ್ಲಿ ಇನ್ನೊಂದು ಬಗೆಯ ಕಾಲೇಜಿದೆ. ಅದು ಒಂದೇ ಕಸುಬಿನವರು ಸೇರಿ ಕಟ್ಟಿಕೊಂಡ ಕೂಟ. ಲಂಡನ್ನಿನಲ್ಲಿ ವೈದ್ಯರ ಇಂಥ ಕಾಲೇಜು 1518ರಲ್ಲೇ ಹುಟ್ಟಿತು. ಇಂಥ ಕಾಲೇಜಿಗೆ ತರಗತಿಯ ಕೋಣೆಗಳು ಬೇಕಿಲ್ಲ. ಅದರ ಕೆಲಸ ಬೇರೆ: ಏನು ಕಲಿಯಬೇಕೆಂದು ಪಠ್ಯ ಗೊತ್ತುಮಾಡುವುದು, ಯಾವ ಆಸ್ಪತ್ರೆಯಲ್ಲಿ ಕಲಿಸಬಹುದೆಂದು ನೋಡಿ ಒಪ್ಪಿಗೆ ಕೊಡುವುದು, ಪರೀಕ್ಷೆ ನಡೆಸುವುದು, ಪಾಸಾದವರನ್ನು ತಮ್ಮೊಳಗೆ ಸೇರಿಸಿಕೊಳ್ಳುವುದು, ಸೇರಿದವರು ಹೇಗೆ ನಡೆದುಕೊಳ್ಳಬೇಕೆಂದು ಕಟ್ಟಳೆ ಮಾಡುವುದು.

ತೀವ್ರ ನಿಗಾ ವೈದ್ಯಕೀಯಕ್ಕೆ ಇಂಥ ಕಾಲೇಜುಗಳು ಬಂದದ್ದು ತಡವಾಗಿ. ಅಮೆರಿಕದಲ್ಲಿ 1988ರಲ್ಲಿ ಅಲ್ಲಿನ ವೈದ್ಯರ ಸೊಸೈಟಿಯೇ ಒಂದು ಕಾಲೇಜನ್ನು ಹುಟ್ಟುಹಾಕಿತು. ಬ್ರಿಟನ್ನಿನಲ್ಲಿ ಹಲವು ರಾಯಲ್ ಕಾಲೇಜುಗಳು ಸೇರಿ 2010ರಲ್ಲಿ ಒಂದು ಫ್ಯಾಕಲ್ಟಿ ಕಟ್ಟಿದವು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಅರಿವಳಿಕೆ ವೈದ್ಯರ ಮನೆಯ ಹಜಾರದಲ್ಲಿ ಬಹುಕಾಲ ಕೂತಿದ್ದ ಈ ವಿಭಾಗ 2010ರಲ್ಲಿ ಬೇರೆ ಮನೆ ಮಾಡಿತು. ಅಲ್ಲಿ ತೀವ್ರ ನಿಗಾ ತಜ್ಞನಾಗಲು ಕನಿಷ್ಠ ಆರು ವರ್ಷದ ತರಬೇತಿ, ಎರಡು ದೊಡ್ಡ ಪರೀಕ್ಷೆ.

ನಮ್ಮ ದೇಶದಲ್ಲಿ ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಹುಟ್ಟಿದ್ದು 1993ರಲ್ಲಿ, ಮುಂಬೈಯಲ್ಲಿ. ಸದಸ್ಯ ವೈದ್ಯರು ಅದರ ಪದಾಧಿಕಾರಿಗಳನ್ನು ಚುನಾಯಿಸುತ್ತಾರೆ. ಊರೂರಿಗೆ ಶಾಖೆಗಳಿವೆ, ವರ್ಷಕ್ಕೊಂದು ದೊಡ್ಡ ಸಮ್ಮೇಳನ ನಡೆಯುತ್ತದೆ, ಒಂದು ಪತ್ರಿಕೆಯೂ ಇದೆ. ಇಂಡಿಯನ್ ಕಾಲೇಜ್ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಎಂಬುದು ಈ ಸೊಸೈಟಿಯ ವಿದ್ಯಾ ವಿಭಾಗ. ಎಂ.ಡಿ. ಮುಗಿಸಿ ಬಂದವರಿಗೆ ಡಿಪ್ಲೊಮಾ, ಅದರ ಮೇಲೆ ಫೆಲೋಶಿಪ್, ನರ್ಸುಗಳಿಗೂ ಒಂದು ಡಿಪ್ಲೊಮಾ. ಕಾಲೇಜು ಒಪ್ಪಿದ ಆಸ್ಪತ್ರೆಗಳಲ್ಲಿ ದುಡಿಯುತ್ತಲೇ ಕಲಿಯಬೇಕು. ಎಷ್ಟು ಹಾಸಿಗೆ, ಯಾವ ಸಲಕರಣೆ, ಕಲಿಸುವವರ ಓದೆಷ್ಟು ಎಂದು ನೋಡಿ ಆಸ್ಪತ್ರೆಗೆ ಒಪ್ಪಿಗೆ ಸಿಗುತ್ತದೆ.

ಇದಲ್ಲದೆ ಸರ್ಕಾರದ ಮಾನ್ಯತೆಯಿರುವ ದಾರಿಯೂ ಇದೆ: ಮೆಡಿಕಲ್ ಕಾಲೇಜುಗಳ ಡಿ.ಎಂ., ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿ. ಎರಡೂ ಎಂ.ಡಿ. ಆದಮೇಲೆ ಮೂರು ಮೂರು ವರ್ಷ. ಸೊಸೈಟಿಯ ಡಿಪ್ಲೊಮಾ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾನ್ಯ ಮಾಡಿದ ಪದವಿಯಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣಬಾರದು. ಸರ್ಕಾರ ಮಲಗಿದ್ದ ಕಾಲದಲ್ಲಿ ಈ ವೈದ್ಯರು ತಾವೇ ಎದ್ದು ಪಠ್ಯ ಬರೆದರು, ಪರೀಕ್ಷೆ ಮಾಡಿದರು. ಅವರು ಇಲ್ಲದಿದ್ದರೆ ನಮ್ಮ ಎಷ್ಟೋ ಐಸಿಯುಗಳಲ್ಲಿ ಕಲಿತವರೇ ಇರುತ್ತಿರಲಿಲ್ಲ. ಈ ಋಣವನ್ನು ಮೊದಲು ಒಪ್ಪಿಕೊಂಡೇ ನಾನು ಜಗಳಕ್ಕೆ ಇಳಿಯುತ್ತೇನೆ.

ಬಾಗ್ದಾದಿನ ಪರೀಕ್ಷೆ

ವೈದ್ಯರನ್ನು ಪರೀಕ್ಷೆಗೆ ಕೂರಿಸುವುದು ಇಂಗ್ಲಿಷರಿಂದ ಬಂದ ವಿದ್ಯೆ ಎಂದುಕೊಂಡವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಕ್ರಿ.ಶ. 931ರಲ್ಲಿ ಬಾಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ಒಬ್ಬ ಸಾಮಾನ್ಯ ಮನುಷ್ಯ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರನ ಕಿವಿಗೆ ಬಿತ್ತು. ಪರೀಕ್ಷೆಯಾಗದೆ ಯಾರೂ ವೈದ್ಯ ಮಾಡಕೂಡದೆಂದು ಆತ ಆಜ್ಞೆ ಮಾಡಿದ. ಪರೀಕ್ಷೆಯ ಹೊಣೆ ಸಿನಾನ್ ಇಬ್ನ್ ಸಾಬಿತ್ ಎಂಬ ವೈದ್ಯನಿಗೆ ಬಂತು. ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರೆಂದು ಆ ಕಾಲದ ಚರಿತ್ರೆ ಹೇಳುತ್ತದೆ. ಹೆಸರುವಾಸಿಯಾದವರಿಗೂ ದರ್ಬಾರಿನ ವೈದ್ಯರಿಗೂ ಮಾತ್ರ ರಿಯಾಯಿತಿ! ದೊಡ್ಡವರಿಗೆ ರಿಯಾಯಿತಿ ಕೊಡುವ ಚಾಳಿ ಎಷ್ಟು ಹಳೆಯದು ನೋಡಿ.

ಈ ಕಥೆಯನ್ನು ನಮ್ಮ ಜಲಸಾಗಳಲ್ಲಿ 'ನಮ್ಮ ಪೂರ್ವಜರು ಎಷ್ಟು ಮುಂದಿದ್ದರು' ಎಂದು ಬೀಗಲು ಬಳಸುತ್ತೇವೆ. ನನಗೆ ಅದರಲ್ಲಿ ಕಾಣುವುದು ಬೇರೆ. ಅಲ್ಲಿ ಪರೀಕ್ಷೆ ಹುಟ್ಟಿದ್ದು ವೈದ್ಯರ ಗೌರವ ಹೆಚ್ಚಿಸಲಿಕ್ಕಲ್ಲ, ಸತ್ತ ಒಬ್ಬ ಸಾಮಾನ್ಯನ ಸಲುವಾಗಿ. ಮುಂದಿನ ಕಾಲದಲ್ಲಿ ಮುಸ್ಲಿಮ್ ನಗರಗಳಲ್ಲಿ ತಕ್ಕಡಿ, ತೂಕದಬಟ್ಟು ನೋಡುವ ಮುಹ್ತಸಿಬ್ ಎಂಬ ಪೇಟೆಯ ಅಧಿಕಾರಿಗೆ ವೈದ್ಯರ ಮೇಲೂ ಒಂದು ಕಣ್ಣಿಡುವ ಹೊಣೆಯಿತ್ತು. ಅವನು ವೈದ್ಯನಲ್ಲ, ಜನರ ಪರವಾಗಿ ನಿಂತು ಕೇಳುವವನು.

ಈಗ ನಮ್ಮ ಕಾಲೇಜಿನ ಕಡೆ ತಿರುಗಿ. ಅಲ್ಲಿ ಪಠ್ಯ ಬರೆಯುವವರು ವೈದ್ಯರು, ಆಸ್ಪತ್ರೆ ನೋಡುವವರು ವೈದ್ಯರು, ಪರೀಕ್ಷೆ ಮಾಡುವವರು ವೈದ್ಯರು, ಇವರನ್ನೆಲ್ಲ ಚುನಾಯಿಸುವವರೂ ವೈದ್ಯರು. ವೈದ್ಯಕೀಯವನ್ನು ವೈದ್ಯರೇ ಕಲಿಸಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಈ ಪರೀಕ್ಷಕರನ್ನು ಪರೀಕ್ಷಿಸುವವರು ಯಾರು? ಆಸ್ಟ್ರೇಲಿಯಾದ ಕಾಲೇಜನ್ನು ಅಲ್ಲಿನ ಮೆಡಿಕಲ್ ಕೌನ್ಸಿಲ್ ತಾನೇ ಬಂದು ಪರಿಶೀಲಿಸಿ ಮಾನ್ಯತೆ ಕೊಡಬೇಕು. ಬ್ರಿಟನ್ನಿನ ಫ್ಯಾಕಲ್ಟಿಯ ಪಠ್ಯಕ್ಕೆ ಜನರಲ್ ಮೆಡಿಕಲ್ ಕೌನ್ಸಿಲಿನ ಒಪ್ಪಿಗೆ ಬೇಕು. ಆ ಕೌನ್ಸಿಲಿನ ಹನ್ನೆರಡು ಸದಸ್ಯರಲ್ಲಿ ಆರು ಮಂದಿ ವೈದ್ಯರೇ ಅಲ್ಲ. ನಮ್ಮಲ್ಲಿ ಸೊಸೈಟಿಯ ಡಿಪ್ಲೊಮಾ ಆಯೋಗದ ಮಾನ್ಯತೆಯ ಹೊರಗಿದೆ. ಆಯೋಗ ಅದನ್ನು ಒಳಗೆ ತರುವುದೂ ಇಲ್ಲ, ಐಸಿಯು ನಡೆಸಲು ಇಂಥದೇ ಓದು ಬೇಕೆಂದು ಕಟ್ಟುನಿಟ್ಟು ಮಾಡುವುದೂ ಇಲ್ಲ. ಆಸ್ಪತ್ರೆಯ ಮುಂದೆ ದೊಡ್ಡ ಅಕ್ಷರದಲ್ಲಿ 'ಕ್ರಿಟಿಕಲ್ ಕೇರ್' ಎಂದು ಬರೆಸಲು ಪೇಂಟರ್ ಒಬ್ಬ ಸಿಕ್ಕರೆ ಸಾಕು.

ಕಾಗದದ ಮೇಲಿನ ಭದ್ರಾವತಿ

ಇದೇ ಸೊಸೈಟಿ 2010ರಲ್ಲಿ ಐಸಿಯು ಹೇಗಿರಬೇಕೆಂದು ಒಂದು ಮಾರ್ಗಸೂಚಿ ತಂದಿತು, 2020ರಲ್ಲಿ ಅದನ್ನು ಪರಿಷ್ಕರಿಸಿತು. ಓದಿ ನೋಡಿದರೆ ಸಂತೋಷವಾಗುತ್ತದೆ. ಐಸಿಯುಗಳನ್ನು ಮೂರು ಮಟ್ಟ ಮಾಡಿದ್ದಾರೆ. ಮೊದಲ ಮಟ್ಟದ್ದು ಸಣ್ಣ ಜಿಲ್ಲಾಸ್ಪತ್ರೆ, ಸಣ್ಣ ನರ್ಸಿಂಗ್ ಹೋಮ್, ಗ್ರಾಮಾಂತರ ಕೇಂದ್ರಗಳಿಗೆ. ಆರರಿಂದ ಎಂಟು ಹಾಸಿಗೆ ಸಾಕು. ರೋಗಿಯನ್ನು ಇಪ್ಪತ್ನಾಲ್ಕರಿಂದ ನಲವತ್ತೆಂಟು ಗಂಟೆ ವೆಂಟಿಲೇಟರಿನಲ್ಲಿ ಉಳಿಸಿಕೊಳ್ಳಲು ಬರಬೇಕು, ಆಮೇಲೆ ಜೋಪಾನವಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸಲು ಬರಬೇಕು. ವೆಂಟಿಲೇಟರಿನಲ್ಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು.

ಇದು ಭದ್ರಾವತಿಯಂಥ ಊರಿಗೆಂದೇ ಬರೆದ ಹಾಗಿದೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು. ಕಾರ್ಖಾನೆಗೆ ತನ್ನದೇ ಆಸ್ಪತ್ರೆಯಿತ್ತು. ಕಾರ್ಮಿಕನ ಹೆಂಡತಿಗೆ ಹೆರಿಗೆಯಿಂದ ಹಿಡಿದು ಅವನ ಎದೆನೋವಿನವರೆಗೆ ಅದೇ ಭರವಸೆ. ಆಮೇಲೆ ಕಾಗದದ ಕಾರ್ಖಾನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆಂದು ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಹೇಳಿತು, ಜನ ಬೀದಿಗಿಳಿದ ಮೇಲೆ ಕುಟುಕು ಜೀವ ಉಳಿಯಿತು. ಕಾರ್ಖಾನೆ ಸೊರಗಿದಂತೆ ಅದರ ನೆರಳಿನಲ್ಲಿದ್ದ ಭರವಸೆಗಳೂ ಸೊರಗಿದವು. ಈಗ ಭದ್ರಾವತಿಯವರಿಗೆ ರಾತ್ರಿ ಉಸಿರು ಕಟ್ಟಿದರೆ ಮೊದಲ ಆಲೋಚನೆ ಇಪ್ಪತ್ತು ಕಿಲೋಮೀಟರಿನ ರಸ್ತೆ.

ನಮ್ಮ ಜಿಲ್ಲೆಯ ರೋಗಗಳನ್ನೇ ನೋಡಿ. ಕಟ್ಟುಹಾವು ಕಚ್ಚಿದರೆ ಉಸಿರಾಟದ ಸ್ನಾಯು ಸೋಲುತ್ತದೆ. ವಿಷನಿರೋಧಕದ ಜೊತೆಗೆ ಕೆಲವು ದಿನ ಯಂತ್ರದ ಉಸಿರು ಕೊಟ್ಟರೆ ಮನುಷ್ಯ ಎದ್ದು ಗದ್ದೆಗೆ ಹೋಗುತ್ತಾನೆ, ಕೊಡದಿದ್ದರೆ ದಾರಿಯಲ್ಲೇ ಮುಗಿಯುತ್ತಾನೆ. ಸಾಲ ತಾಳಲಾರದೆ ಕ್ರಿಮಿನಾಶಕ ಕುಡಿದ ರೈತನದೂ ಹೆಚ್ಚುಕಡಿಮೆ ಇದೇ ಕಥೆ. ಇನ್ನು ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ಜಗತ್ತಿಗೆ ಗೊತ್ತಾದ ರೋಗ. ಅರವತ್ತು ವರ್ಷ ಕಳೆದು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯುವಾಗಲೂ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ರೋಗ ನಮ್ಮದು, ಹಾಸಿಗೆ ಬೇರೆಯವರದು.

ಹಾಗಾದರೆ ಮಾರ್ಗಸೂಚಿ ಬರೆದ ಕಾಲೇಜು ಏನು ಮಾಡಬಹುದಿತ್ತು? ಅದರ ಕೈಯಲ್ಲಿ ಸರ್ಕಾರದ ಬೊಕ್ಕಸವಿಲ್ಲ, ನಿಜ. ಆದರೆ ಕಲಿಯುವ ವೈದ್ಯರನ್ನು ಎಲ್ಲಿ ಇಡಬೇಕೆಂಬ ತೀರ್ಮಾನ ಅದರ ಕೈಯಲ್ಲೇ ಇದೆ. ಹಾಸಿಗೆ, ಯಂತ್ರ, ದೊಡ್ಡ ಓದಿನ ಗುರುಗಳು ಇದ್ದಲ್ಲಿ ಮಾತ್ರ ಕಲಿಕೆ ಎಂದು ನಿಯಮ ಮಾಡಿದರೆ ಕಲಿಯುವವರು ಮಹಾನಗರದ ದೊಡ್ಡ ಆಸ್ಪತ್ರೆಗಳಲ್ಲೇ ಉಳಿಯುತ್ತಾರೆ. ಕಲಿತದ್ದು ಅಲ್ಲಿ, ನೆಲೆ ನಿಲ್ಲುವುದೂ ಅಲ್ಲಿ. ಆಸ್ಟ್ರೇಲಿಯಾದ ತರಬೇತಿಯಲ್ಲಿ ದೊಡ್ಡ ನಗರದ ಹೊರಗಿನ ಆಸ್ಪತ್ರೆಯಲ್ಲಿ ದುಡಿಯುವ ಅವಧಿಯೂ ಸೇರಿದೆ. ನಮ್ಮಲ್ಲೂ ಎಂ.ಡಿ., ಎಂ.ಎಸ್. ಓದುವವರು ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಇರಬೇಕೆಂದು 2020ರಲ್ಲಿ ನಿಯಮ ಬಂದಿದೆ. ಅದೇ ನಿಯಮವನ್ನು ತೀವ್ರ ನಿಗಾ ಕಲಿಯುವವರಿಗೂ ವಿಸ್ತರಿಸಿದರೆ, ಅದರಲ್ಲಿ ಒಂದಷ್ಟು ದಿನ ತಾಲ್ಲೂಕಿಗೂ ಮೀಸಲಿಟ್ಟರೆ, ಯಾರ ಗಂಟು ಹೋಗುತ್ತದೆ?

ಯಂತ್ರ ತಂದರೆ ಆಯಿತೇ?

ಐಸಿಯು ಎಂದರೆ ಯಂತ್ರ ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಅದರ ಹುಟ್ಟಿನ ಕಥೆ ಬೇರೆಯೇ ಹೇಳುತ್ತದೆ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿತು. ಉಸಿರಾಡಿಸುವ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಲ್ಲೇ ಒತ್ತಿ ಉಸಿರು ಕೊಟ್ಟು ಉಳಿಸಿದ. ಮುಂದೆ ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಪಾಳಿ ಕೂತು ತಿಂಗಳುಗಟ್ಟಲೆ ಆ ಚೀಲಗಳನ್ನು ಒತ್ತಿದರು. ನೂರಕ್ಕೆ ಎಂಬತ್ತು ಮೀರಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ ಇಬ್ಸೆನ್ ತೆರೆದದ್ದೇ ಜಗತ್ತಿನ ಮೊದಲ ಐಸಿಯು ಎನ್ನುತ್ತಾರೆ. ಅಂದರೆ ಐಸಿಯು ಹುಟ್ಟಿದ್ದು ಮನುಷ್ಯರ ಕೈಗಳಿಂದ, ಆ ಕೈಗಳನ್ನು ಪಾಳಿಗೆ ಜೋಡಿಸಿದ ಬಗೆಯಿಂದ.

ಕೋವಿಡ್ ಕಾಲದಲ್ಲಿ ನಮ್ಮ ಸರ್ಕಾರಗಳು ವೆಂಟಿಲೇಟರುಗಳ ಎಣಿಕೆ ಹೇಳಿದ್ದೇ ಹೇಳಿದ್ದು. ಅವನ್ನು ನಡೆಸುವ ಕೈಗಳ ಎಣಿಕೆ ಯಾರೂ ಹೇಳಲಿಲ್ಲ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಮಂದಿ ಹೋದರು. ಆಮ್ಲಜನಕ ಸಕಾಲಕ್ಕೆ ತಲುಪಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 602 ಜಿಲ್ಲೆಗಳಲ್ಲಿ ತೀವ್ರ ನಿಗಾ ಬ್ಲಾಕುಗಳನ್ನು ಕಟ್ಟುವ ಯೋಜನೆ ಘೋಷಿಸಿತು. ಕಟ್ಟಡ ಏಳುತ್ತದೆ, ಯಂತ್ರವೂ ಬರುತ್ತದೆ. ರಾತ್ರಿ ಎರಡು ಗಂಟೆಗೆ ಅಲ್ಲಿ ನಿಲ್ಲುವವರನ್ನು ಯಾರು ತಯಾರು ಮಾಡುತ್ತಾರೆ?

ಇಲ್ಲಿ ನಮ್ಮ ಸಮುದಾಯದ ಕಿವಿಯನ್ನೂ ಹಿಂಡಬೇಕು. ಕೋವಿಡ್‌ನಲ್ಲಿ ನಮ್ಮ ಹುಡುಗರು ಸಿಲಿಂಡರ್ ಹೊತ್ತರು, ಯಾವ ಧರ್ಮವೆಂದು ನೋಡದೆ ಹೆಣ ಹೊತ್ತರು. ಅದು ನಮ್ಮ ಮಾನ ಉಳಿಸಿದ ಕೆಲಸ. ಆದರೆ ನಮ್ಮ ಜಮಾತುಗಳು ಝಕಾತಿನ ಹಣದಲ್ಲಿ ಆಂಬುಲೆನ್ಸ್ ಕೊಳ್ಳುತ್ತವೆ, ಶವದ ಪೆಟ್ಟಿಗೆ ಕೊಳ್ಳುತ್ತವೆ, ಒಬ್ಬ ಬಡ ಹುಡುಗಿಯನ್ನು ನರ್ಸಿಂಗ್ ಓದಿಸು ಎಂದರೆ ಮುಖ ತಿರುಗಿಸುತ್ತವೆ. ರಾತ್ರಿ ಪಾಳಿಯಂತೆ, ಪರಪುರುಷರ ಮೈ ಮುಟ್ಟಬೇಕಂತೆ! ನಮ್ಮ ತಾಯಂದಿರು ಐಸಿಯುನಲ್ಲಿ ಮಲಗಿದಾಗ ಅವರ ಮೈ ಒರೆಸುವ ಹೆಣ್ಣುಮಗಳು ಯಾರ ಮನೆಯವಳು? ಅವಳ ರಾತ್ರಿ ಪಾಳಿ ಹಲಾಲ್, ನಮ್ಮ ಮಗಳದು ಮಾತ್ರ ಹರಾಮ್ ಹೇಗಾಗುತ್ತದೆ? ಇನ್ನು ಸಾವಾದ ಮೇಲೆ "ವಕ್ತ್ ಮುಕರ್ರರ್ ಥಾ" ಎಂದು ಕೈ ಮುಗಿಸುವುದು. ಸಾವಿನ ಗಳಿಗೆ ಅಲ್ಲಾಹನ ಕೈಯಲ್ಲಿದೆ ಎಂಬುದು ನನ್ನ ನಂಬಿಕೆಯೂ ಹೌದು. ಪಾಳಿಯ ಪಟ್ಟಿ ಮಾತ್ರ ಮನುಷ್ಯರ ಕೈಯಲ್ಲಿದೆ. ಒಂಟೆ ಕಟ್ಟದವನು ತವಕ್ಕುಲ್ ಮಾತಾಡಬಾರದು.

ಕೊನೆಯ ತೀರ್ಮಾನ ಯಾರದು?

ಈ ಪ್ರಶ್ನೆ ಈಗ ಇನ್ನಷ್ಟು ಬಿಗಿಯಾಗಿದೆ. ಗುಣವಾಗದ ರೋಗಿಗೆ ಯಂತ್ರದ ಆಧಾರ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಮೂರು ಮೂರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಮಂಡಳಿಗೆ ಕನಿಷ್ಠ ಐದು ವರ್ಷ ಅನುಭವವಿರುವ ವಿಷಯ ತಜ್ಞರು ಬೇಕು. ನಮ್ಮ ಉಲೇಮಾಗಳ ಜಗತ್ತಿನಲ್ಲೂ ಇದು ಹೊಸ ಚರ್ಚೆಯಲ್ಲ. 1986ರಲ್ಲಿ ಅಮ್ಮಾನಿನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಫಿಖ್ಹ್ ಅಕಾಡೆಮಿ, ಮೆದುಳು ಮರಳಿ ಬಾರದಂತೆ ಪೂರ್ತಿ ನಿಂತಿದೆಯೆಂದು ನುರಿತ ವೈದ್ಯರು ತೀರ್ಮಾನಿಸಿದರೆ ಯಂತ್ರವನ್ನು ತೆಗೆಯಬಹುದು ಎಂದಿತು. ಕೋರ್ಟಿನ ತೀರ್ಪೂ ಫಿಖ್ಹಿನ ತೀರ್ಪೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿನ ಮೇಲೆ: ನುರಿತ ವೈದ್ಯ. ಅವನು ನುರಿತವನು ಎಂದು ಯಾರ ಮಾತಿನ ಮೇಲೆ ನಂಬಬೇಕು ಎಂಬುದು ಬಗೆಹರಿಯದಿದ್ದರೆ ಎರಡೂ ತೀರ್ಪು ಗಾಳಿಯಲ್ಲಿ ತೂಗಾಡುತ್ತವೆ.

ವೈದ್ಯ ಮಿತ್ರರು ಹೇಳುವುದು ನನಗೆ ಗೊತ್ತು. "ನಿಮ್ಮಂಥ ಕಥೆಗಾರರನ್ನು ಕಾಲೇಜಿನ ಸಮಿತಿಯಲ್ಲಿ ಕೂರಿಸಿದರೆ ವೆಂಟಿಲೇಟರ್ ನಡೆಯುತ್ತದೆಯೇ? ರೋಗಿ ಸತ್ತರೆ ಬಂದು ಗಾಜು ಒಡೆಯುವವರು ನೀವೇ ಅಲ್ಲವೇ?" ಎನ್ನುತ್ತಾರೆ. ಗಾಜು ಒಡೆಯುವುದು, ಪಾಳಿಯಲ್ಲಿದ್ದ ಎಳೆಯ ವೈದ್ಯನ ಮೇಲೆ ಕೈಮಾಡುವುದು ಹೇಡಿತನ. ಅದನ್ನು ತಡೆಯಲು 2009ರಿಂದ ರಾಜ್ಯದಲ್ಲಿ ಕಾಯ್ದೆಯಿದೆ, ಇರಬೇಕಾದದ್ದೇ. ಆದರೆ ಯಾರನ್ನು ಕೇಳಬೇಕೆಂದು ಗೊತ್ತಿಲ್ಲದ ಕಡೆ ಸಿಟ್ಟು ಎದುರಿಗೆ ಸಿಕ್ಕವನ ಮೇಲೆ ಹೋಗುತ್ತದೆ. ಹೊಣೆಗಾರನ ಹೆಸರು ಗೋಡೆಯ ಮೇಲಿದ್ದರೆ ಆ ಎಳೆಯ ವೈದ್ಯನಿಗೂ ಅದು ರಕ್ಷಣೆ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಕಾಲೇಜಿನ ಆಡಳಿತ ಮಂಡಳಿಯಲ್ಲಿ ರೋಗಿಗಳ ಪರವಾಗಿ ವೈದ್ಯರಲ್ಲದ ಕೆಲವರಿಗೆ ಜಾಗ ಕೊಡಲಿ, ನರ್ಸುಗಳಿಗೂ ಕೊಡಲಿ. ಯಾವ ಊರಿನಲ್ಲಿ ಯಾರು ಯಾವ ಪರೀಕ್ಷೆ ಪಾಸಾಗಿದ್ದಾರೆ ಎಂಬ ಪಟ್ಟಿ ಆಯಾ ರಾಜ್ಯದ ಭಾಷೆಯಲ್ಲಿ ಯಾರಿಗೂ ಸಿಗುವಂತಿರಲಿ. ಕಲಿಯುವವರು ಜಿಲ್ಲೆ ತಾಲ್ಲೂಕುಗಳಲ್ಲಿ ದುಡಿಯಲಿ. ರಾಷ್ಟ್ರೀಯ ಆಯೋಗ ಈ ಕಾಲೇಜನ್ನು ಬಂದು ಪರಿಶೀಲಿಸಲಿ, ಚೆನ್ನಾಗಿದ್ದರೆ ಅದರ ಡಿಪ್ಲೊಮಾವನ್ನು ಮಾನ್ಯ ಮಾಡಲಿ. 2017ರಲ್ಲಿ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಿದ್ದುವಾಗ ವೈದ್ಯರು ಮುಷ್ಕರ ಹೂಡಿದ್ದರು, ಆದರೂ ಬಾಕಿ ಹಣಕ್ಕಾಗಿ ಹೆಣ ಹಿಡಿದಿಟ್ಟುಕೊಳ್ಳಬಾರದೆಂಬ ಮಾತು ಕಾನೂನಿಗೆ ಬಂತು. ಆ ಕಾಯ್ದೆಗೆ ಇನ್ನೊಂದು ಸಾಲು ಸೇರಿಸುವುದು ಕಷ್ಟವಲ್ಲ: ಪ್ರತಿ ಐಸಿಯು ಬಾಗಿಲ ಮೇಲೆ ಈ ಪಾಳಿಯ ಹೊಣೆಗಾರ ವೈದ್ಯರ ಹೆಸರು, ಅವರ ಓದು, ನರ್ಸುಗಳ ಸಂಖ್ಯೆ ಕನ್ನಡದಲ್ಲಿ ಬರೆದಿರಬೇಕು. ಒಂದು ಕಪ್ಪು ಹಲಗೆ, ಒಂದು ತುಂಡು ಸುಣ್ಣದ ಕಡ್ಡಿ ಸಾಕು.

ಖಾಲಾ ಈಗಲೂ ಭದ್ರಾವತಿಯಲ್ಲಿದ್ದಾರೆ. ಈದಿಗೆ ಹೋದಾಗಲೆಲ್ಲ ಶೀರ್‌ಖುರ್ಮಾ ಮುಂದಿಟ್ಟು ಹಳೆಯ ಮಾತು ತೆಗೆಯುತ್ತಾರೆ, ಆ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಿಲ್ಲ. ಅವರ ಪರವಾಗಿ ನಾನು ಕೇಳುತ್ತಿದ್ದೇನೆ. ಉತ್ತರ ಬಲ್ಲ ವೈದ್ಯರು ಇದೇ ಪುಟಗಳಲ್ಲಿ ಬರೆಯಲಿ, ನಾನು ಅದನ್ನು ಉರ್ದುವಿನಲ್ಲಿ ಅವರಿಗೆ ಓದಿ ಹೇಳುತ್ತೇನೆ.